ಸೂಜಿಯ ನುಡಿ: ಮೇರಿ ಸ್ಟುವರ್ಟಳ ಕಸೂತಿಯಲ್ಲಿ ವಾಚ್ಯ ಮತ್ತು ವ್ಯಂಗ್ಯ

೧

ಸ್ಕಾಟ್ಲೆಂಡಿನ ರಾಣಿ ಮೇರಿ ಸ್ಟುವರ್ಟಳನ್ನು ಕುರಿತು ಬರೆದವರಿಗೆ ಲೆಕ್ಕವಿಲ್ಲ. ಷಿಲ್ಲರ್ ಕವಿ ೧೮೦೦ರಲ್ಲಿ ಆಕೆಯನ್ನು ದುರಂತ ನಾಟಕವೊಂದರ ನಾಯಿಕೆಯನ್ನಾಗಿ ಮಾಡಿದನು. ವಾಲ್ಟರ್ ಸ್ಕಾಟ್ ೧೮೨೦ರಲ್ಲಿ ಆಕೆಯ ಮೊದಲ ಸೆರೆವಾಸವನ್ನು ಕಾದಂಬರಿಯೊಂದಕ್ಕೆ ವಸ್ತುವಾಗಿ ಎತ್ತಿಕೊಂಡನು. ಸ್ಟೆಫಾನ್ ತ್ಸ್ವೈಗ್ ೧೯೩೫ರಲ್ಲಿ ಆಕೆಯ ಜೀವನಚರಿತ್ರೆಯನ್ನು ರಚಿಸಿದನು. ಈ ವಿಪುಲವಾದ ಸಾಹಿತ್ಯದಿಂದ ನಮಗೆ ದೊರೆಯುವುದು ಮುಖ್ಯವಾಗಿ ಎರಡು ಚಿತ್ರಗಳು: ತನ್ನ ಮತಕ್ಕಾಗಿ ತಲೆಗೊಟ್ಟ ಸಾಧ್ವಿಯದು ಒಂದು, ಆಶ್ರಯವಿತ್ತವಳ ಸಿಂಹಾಸನಕ್ಕೇ ಹೊಂಚು ಹಾಕಿದ ಪಿತೂರಿಗಾರ್ತಿಯದು ಇನ್ನೊಂದು. ಎರಡು ಚಿತ್ರಗಳಲ್ಲಿಯೂ ಆಕೆಯ ಕೈಯಲ್ಲಿ ಸೂಜಿದಾರಗಳಿರುತ್ತವೆ. ಆದರೆ ಆ ಸೂಜಿ ಏನು ಮಾಡುತ್ತಿತ್ತೆಂಬುದನ್ನು ಬರೆಹಗಾರರು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಅವರಿಗೆ ಕಸೂತಿಯೆಂಬುದು ಸೆರೆಮನೆಯ ಬೇಸರವನ್ನು ಸೂಚಿಸಲು ರಂಗದ ಮೇಲೆ ಇರಿಸಿದ ಒಂದು ಸಾಮಗ್ರಿ ಮಾತ್ರ.

ಆ ಕಸೂತಿಯನ್ನೇ ಒಂದು ಕೃತಿಯೆಂದು ಭಾವಿಸಿ ಓದಿದರೆ ಏನು ತಿಳಿದುಬರುತ್ತದೆಂಬುದನ್ನು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಹೀಗೆ ಓದಲು ಹೊರಟವರಿಗೆ ಎರಡು ಅಪಾಯಗಳುಂಟು. ಎಲ್ಲವೂ ಕಾಲಹರಣವೆಂದು ತಳ್ಳಿಬಿಡುವುದು ಒಂದು. ಪ್ರತಿಯೊಂದು ಹಕ್ಕಿಯಲ್ಲಿಯೂ ಮೀನಿನಲ್ಲಿಯೂ ಗೂಢಾರ್ಥವನ್ನು ಕಾಣುವುದು ಇನ್ನೊಂದು. ಇವೆರಡಕ್ಕೂ ನಡುವೆ ಪ್ರಮಾಣಬದ್ಧವಾದ ದಾರಿಯೊಂದಿದೆಯೆಂದು ನಾವು ನಂಬುತ್ತೇವೆ.

೨

ವಸ್ತುವಿನ ಸ್ವರೂಪವನ್ನು ಮೊದಲು ತಿಳಿಯಬೇಕು. ಇಂಗ್ಲೆಂಡಿನ ಪೂರ್ವಭಾಗದಲ್ಲಿರುವ ನಾರ್ಫೋಕ್ ಪ್ರಾಂತದ ಆಕ್ಸ್‌ಬರೋ ಹಾಲ್ ಎಂಬ ಹಳೆಯ ಮನೆಯಲ್ಲಿ ಹಸಿರು ಮಖಮಲ್ಲಿನ ದೊಡ್ಡ ತೂಗುಬಟ್ಟೆಗಳಿವೆ. ಇವು ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಸ್ವತ್ತು. ಮಖಮಲ್ಲಿನ ಮೇಲೆ ಎಂಟು ಮೂಲೆಯವೂ ಶಿಲುಬೆಯ ಆಕಾರದವೂ ಆದ ಅನೇಕ ಕಸೂತಿಯ ತುಣುಕುಗಳನ್ನು ಹೊಲಿದು ಕೂರಿಸಿದೆ. ಒಂದೊಂದು ತೂಗುಬಟ್ಟೆಗೂ ನಡುವೆ ಒಂದು ದೊಡ್ಡ ಚೌಕವುಂಟು. ನೆಲ ದಪ್ಪ ಕ್ಯಾನ್ವಾಸು, ದಾರ ಬಣ್ಣದ ರೇಷ್ಮೆ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಅಡ್ಡಹೊಲಿಗೆ ಹಾಕಿ ಇವನ್ನು ತುಂಬಿದ್ದಾರೆ. ಧಾರವಾಡದ ಕಡೆಯ ಕಸೂತಿಯಲ್ಲಿ ಮೆಂತಿ ಎಂದು ಕರೆಯುವ ಹೊಲಿಗೆಯನ್ನು ಕಂಡವರಿಗೆ ಈ ಕೆಲಸದ ರೀತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಎಣಿಕೆ ತಪ್ಪಿದರೆ ಚಿತ್ರ ಕೆಡುತ್ತದೆ. ಆದುದರಿಂದ ಇಲ್ಲಿ ಅಕಸ್ಮಾತ್ತಾಗಿ ಬಂದು ಸೇರುವ ರೇಖೆ ಎಂಬುದಿಲ್ಲ.

ಈ ತುಣುಕುಗಳೆಲ್ಲ ಮೇರಿಯ ಕೈಯವಲ್ಲ. ಆಕೆಯನ್ನು ಕಾವಲಿನಲ್ಲಿಟ್ಟುಕೊಂಡಿದ್ದ ಷ್ರೂಸ್‌ಬರಿಯ ಅರ್ಲ್ ಜಾರ್ಜ್ ಟಾಲ್ಬಟ್ಟನ ಹೆಂಡತಿ, ಹಾರ್ಡ್‌ವಿಕ್ಕಿನ ಬೆಸ್ ಎಂದು ಪ್ರಸಿದ್ಧಳಾದ ಎಲಿಜಬೆತ್, ಕೂಡ ಈ ಕೆಲಸದಲ್ಲಿ ಪಾಲುಗೊಂಡವಳು. ಆಕೆಯ ಹೆಸರಿನ ಮೊದಲಕ್ಷರಗಳಿರುವ ತುಣುಕುಗಳು ಬೇರೆಯಾಗಿವೆ. ಮೇರಿಯ ಹೆಸರನ್ನು ಹೆಣೆದ ಅಕ್ಷರಮುದ್ರೆಯುಳ್ಳವು ಬಹುಮಟ್ಟಿಗೆ ಒಂದು ತೂಗುಬಟ್ಟೆಯಲ್ಲಿ ಸೇರಿವೆ. ಅದಕ್ಕೆ ಮೇರಿಯ ತೂಗುಬಟ್ಟೆಯೆಂದೇ ಹೆಸರು. ಇನ್ನೊಂದು ಮಾತನ್ನೂ ನೆನಪಿಡಬೇಕು. ಹಸಿರು ಮಖಮಲ್ಲಿನ ಮೇಲೆ ಇವನ್ನು ಜೋಡಿಸಿದ್ದು ಅನಂತರದ ಕಾಲದವರು. ಆದುದರಿಂದ ಯಾವ ಚಿತ್ರದ ಪಕ್ಕದಲ್ಲಿ ಯಾವುದಿದೆ ಎಂಬುದರಿಂದ ಅರ್ಥವನ್ನು ಹೊರಡಿಸುವ ಪ್ರಯತ್ನಗಳಿಗೆ ಆಧಾರವಿಲ್ಲ. ಒಂದೊಂದು ತುಣುಕನ್ನೂ ಬಿಡಿಯಾಗಿ ಓದಬೇಕು. ನಮ್ಮ ಮುಕ್ತಕಗಳನ್ನು ಓದುವಂತೆ.

೩

ಕಸೂತಿ ಹುಟ್ಟಿದ ಸನ್ನಿವೇಶವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗಬಹುದು. ಮೇರಿ ಹುಟ್ಟಿದ್ದು ೧೫೪೨ರ ಡಿಸೆಂಬರ್ ೮ರಂದು. ತಂದೆ ಐದನೆಯ ಜೇಮ್ಸ್ ಆರು ದಿನಗಳಲ್ಲಿ ತೀರಿಹೋದುದರಿಂದ ತೊಟ್ಟಿಲಲ್ಲಿಯೇ ಆಕೆ ರಾಣಿಯಾದಳು. ಐದು ವರ್ಷದವಳಾಗಿ ಫ್ರಾನ್ಸಿಗೆ ಹೋಗಿ, ಅಲ್ಲಿಯ ಆಸ್ಥಾನದಲ್ಲಿ ಬೆಳೆದು, ೧೫೫೮ರಲ್ಲಿ ಯುವರಾಜ ಫ್ರಾನ್ಸಿಸನನ್ನು ಮದುವೆಯಾಗಿ, ೧೫೫೯ರಲ್ಲಿ ಫ್ರಾನ್ಸಿನ ರಾಣಿಯಾಗಿ, ೧೫೬೦ರ ಕೊನೆಗೆ ವಿಧವೆಯಾದಳು. ಸ್ಕಾಟ್ಲೆಂಡಿಗೆ ಮರಳಿದ ಬಳಿಕ ಎರಡನೆಯ ಗಂಡ ಡಾರ್ನ್‌ಲಿ ೧೫೬೭ರ ಫೆಬ್ರುವರಿಯಲ್ಲಿ ಕೊಲೆಯಾದನು. ಕೊಲೆಯ ಆಪಾದನೆ ಹೊತ್ತಿದ್ದ ಬಾತ್‌ವೆಲ್ಲನನ್ನೇ ಆಕೆ ಅದೇ ವರ್ಷ ಮೇ ತಿಂಗಳಲ್ಲಿ ವರಿಸಿದಳು. ಪ್ರಜೆಗಳೂ ಸಾಮಂತರೂ ತಿರುಗಿಬಿದ್ದರು; ಜುಲೈ ತಿಂಗಳಲ್ಲಿ ಒಂದು ವರ್ಷದ ಮಗ ಜೇಮ್ಸನಿಗೆ ಕಿರೀಟವನ್ನು ಬಿಟ್ಟುಕೊಡುವಂತೆ ಆಕೆಯಿಂದ ಬಲಾತ್ಕಾರವಾಗಿ ಸಹಿ ಹಾಕಿಸಿದರು. ಮರುವರ್ಷ ಸೆರೆಯಿಂದ ತಪ್ಪಿಸಿಕೊಂಡು, ಯುದ್ಧದಲ್ಲಿ ಸೋತು, ೧೫೬೮ರ ಮೇ ೧೬ರಂದು ಆಕೆ ಇಂಗ್ಲೆಂಡಿನ ದಡವನ್ನು ಮುಟ್ಟಿದಳು. ರಕ್ತಸಂಬಂಧಿಯಾದ ಎಲಿಜಬೆತ್ ರಾಣಿ ಸೈನ್ಯ ಕೊಟ್ಟು ಹಿಂದಕ್ಕೆ ಕಳುಹಿಸುವಳೆಂದು ನಿರೀಕ್ಷಿಸಿದ್ದವಳಿಗೆ ದೊರೆತದ್ದು ಹದಿನೆಂಟು ವರ್ಷಗಳಿಗೆ ಮೀರಿದ ಬಂಧನ.

ಈ ಬಂಧನ ಕತ್ತಲ ಕೋಣೆಯದಲ್ಲ. ಪರಿವಾರವಿತ್ತು, ಊಟದ ಮರ್ಯಾದೆಯಿತ್ತು, ಕುಳಿತ ಪೀಠದ ಮೇಲೆ ರಾಜಚಿಹ್ನೆಯ ಮೇಲ್ಕಟ್ಟು ಇತ್ತು. ಇಲ್ಲದಿದ್ದುದು ಮಾತಿನ ಸ್ವಾತಂತ್ರ್ಯ. ಬರುವ ಪತ್ರಗಳನ್ನೂ ಹೋಗುವ ಪತ್ರಗಳನ್ನೂ ಕಾವಲಿನವರು ಓದುತ್ತಿದ್ದರು. ಬರುವ ಅತಿಥಿಗಳನ್ನು ಎಣಿಸುತ್ತಿದ್ದರು.

೧೫೬೯ರ ಫೆಬ್ರುವರಿಯಲ್ಲಿ ಟಟ್‌ಬರಿ ಕೋಟೆಯಲ್ಲಿ ಆಕೆಯನ್ನು ಕಂಡ ನಿಕೊಲಾಸ್ ವೈಟ್ ಎಂಬ ಅಧಿಕಾರಿ ಮಂತ್ರಿ ಸೆಸಿಲ್ಲನಿಗೆ ಬರೆದ ಪತ್ರ ಈ ವಿಷಯದಲ್ಲಿ ಬೆಲೆಯುಳ್ಳ ಸಾಕ್ಷ್ಯ. ಹವೆ ಕೆಟ್ಟು ಹೊರಗೆ ಹೋಗಲಾಗದಾಗ ಹೊತ್ತು ಹೇಗೆ ಕಳೆಯುತ್ತೀರಿ ಎಂದು ಅವನು ಕೇಳಿದನು. ದಿನವಿಡೀ ಸೂಜಿಯ ಕೆಲಸ ಮಾಡುತ್ತೇನೆ, ಬಣ್ಣಗಳ ವೈವಿಧ್ಯದಿಂದ ಬೇಸರ ಕಡಿಮೆಯಾಗುತ್ತದೆ, ನೋವು ಬಂದು ಬಿಡಿಸುವವರೆಗೂ ಬಿಡುವುದಿಲ್ಲ ಎಂಬ ಅರ್ಥದ ಉತ್ತರ ಬಂದಿತು. ಜೀವನಚರಿತ್ರೆಗಳಲ್ಲಿ ಈ ಉತ್ತರ ಮತ್ತೆ ಮತ್ತೆ ಬರುತ್ತದೆ. ಅದೇ ಪತ್ರದ ಇನ್ನೊಂದು ಭಾಗ ಅಷ್ಟು ಪ್ರಸಿದ್ಧವಾಗಿಲ್ಲ. ನಮ್ಮ ದೃಷ್ಟಿಯಿಂದ ಅದೇ ಹೆಚ್ಚಿನದು. ಆಕೆಯ ಮೇಲ್ಕಟ್ಟಿನಲ್ಲಿ 'ನನ್ನ ಅಂತ್ಯದಲ್ಲಿ ನನ್ನ ಆರಂಭವಿದೆ' ಎಂಬರ್ಥದ ಫ್ರೆಂಚ್ ವಾಕ್ಯವಿದ್ದುದನ್ನು ವೈಟ್ ಕಂಡನು. ಇದೊಂದು ಒಗಟು, ತನಗೆ ಅರ್ಥವಾಗಲಿಲ್ಲವೆಂದು ಮಂತ್ರಿಗೆ ತಿಳಿಸಿದನು. ಅರ್ಥವಾಗದಿದ್ದರೂ ವರದಿ ಮಾಡಬೇಕೆಂದು ಅವನಿಗೆ ತೋರಿತು. ಬಟ್ಟೆಯ ಮೇಲಿನ ಬರೆಹ ರಾಜಕಾರಣದ ಸಂಗತಿಯೆಂಬ ಶಂಕೆ ಅಂದೇ ಹುಟ್ಟಿತ್ತೆಂಬುದಕ್ಕೆ ಇದು ಸಾಕ್ಷಿ.

೪

ಮೇರಿ ಬೆಳೆದ ಫ್ರೆಂಚ್ ಆಸ್ಥಾನದಲ್ಲಿ ಲಾಂಛನವಿದ್ಯೆ ಒಂದು ಗಂಭೀರವಾದ ವಿನೋದವಾಗಿತ್ತು. ಒಂದು ಚಿತ್ರ, ಅದರೊಡನೆ ಒಂದು ಚಿಕ್ಕ ವಾಕ್ಯ, ಎರಡೂ ಕೂಡಿ ಒಬ್ಬ ವ್ಯಕ್ತಿಯ ಸಂಕಲ್ಪವನ್ನು ಸೂಚಿಸಬೇಕು; ಇದನ್ನು ಇಟಲಿಯವರು ಇಂಪ್ರೇಸಾ ಎಂದು ಕರೆದರು. ೧೫೫೫ರಲ್ಲಿ ಪ್ರಕಟವಾದ ತನ್ನ ಸಂವಾದಗ್ರಂಥದಲ್ಲಿ ಪಾವೊಲೊ ಜೋವಿಯೊ ಎಂಬ ವಿದ್ವಾಂಸನು ಇದರ ಲಕ್ಷಣಗಳನ್ನು ಹೇಳುತ್ತಾನೆ. ಚಿತ್ರ ದೇಹ, ವಾಕ್ಯ ಆತ್ಮ. ದೈವಜ್ಞೆಯೇ ಬಂದು ಬಿಡಿಸಿ ಹೇಳಬೇಕಾದಷ್ಟು ಅದು ಗೂಢವಾಗಿರಬಾರದು. ದಾರಿಹೋಕನಿಗೂ ತಿಳಿಯುವಷ್ಟು ಬಯಲಾಗಿಯೂ ಇರಬಾರದು.

ನಮ್ಮ ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಈ ಮಾತು ಅಪರಿಚಿತವಲ್ಲ. ಮಮ್ಮಟನು ಕಾವ್ಯಪ್ರಕಾಶದಲ್ಲಿ ವ್ಯಂಗ್ಯವು ತೀರ ಪ್ರಕಟವಾದರೆ ಅದನ್ನು ಅಗೂಢವೆಂದೂ, ಸಹೃದಯನಿಗೂ ಸಿಕ್ಕದಷ್ಟು ಮರೆಯಾದರೆ ಅಸ್ಫುಟವೆಂದೂ ಕರೆದು, ಎರಡನ್ನೂ ಎರಡನೆಯ ದರ್ಜೆಗೆ ಇಳಿಸಿದ್ದಾನೆ. ಹೇಳುವವರು ಯಾರು, ಕೇಳುವವರು ಯಾರು, ದೇಶಕಾಲಗಳು ಯಾವುವು ಎಂಬ ವಿಶೇಷಗಳಿಂದ ಒಂದೇ ಮಾತಿಗೆ ಬೇರೆ ಬೇರೆ ವ್ಯಂಗ್ಯಾರ್ಥಗಳು ಹೊರಡುತ್ತವೆಂಬುದೂ ಅವನ ಪ್ರಸಿದ್ಧ ವಿವೇಚನೆ. ಎರಡು ಪರಂಪರೆಗಳಿಗೂ ಚಾರಿತ್ರಿಕ ಸಂಬಂಧವುಂಟೆಂದು ನಾವು ಹೇಳುತ್ತಿಲ್ಲ. ಉಪಕರಣವಾಗಿ ಇವು ಒದಗುತ್ತವೆ ಎಂಬಷ್ಟೇ ನಮ್ಮ ಮಾತು. ಸೆರೆಯಾಳಿನ ನುಡಿಯಲ್ಲಿ ಹೇಳುವವರ ಮತ್ತು ಕೇಳುವವರ ವಿಶೇಷವೇ ಸರ್ವಸ್ವ.

ಇನ್ನು ಪ್ರಮಾಣದ ಪ್ರಶ್ನೆ. ಕಸೂತಿಯ ಚಿತ್ರಗಳಲ್ಲಿ ಹೆಚ್ಚಿನವು ಸ್ವಂತ ಕಲ್ಪನೆಯಲ್ಲ. ಸ್ವಿಟ್ಜರ್ಲೆಂಡಿನ ಕಾನ್ರಾಡ್ ಗೆಸ್ನರನ ಪ್ರಾಣಿಚಿತ್ರಗಳ ಪುಸ್ತಕದಿಂದ, ಫ್ರಾನ್ಸಿನ ಪಿಯೇರ್ ಬೆಲೋನನ ಪಕ್ಷಿಗ್ರಂಥದಿಂದ, ಕ್ಲೋದ್ ಪಾರಾದ್ಯಾಂ ಸಂಗ್ರಹಿಸಿದ ಲಾಂಛನಗಳ ಪುಸ್ತಕದಿಂದ ಅವನ್ನು ಎತ್ತಿಕೊಂಡಿದ್ದಾರೆ. ಕ್ಯಾನ್ವಾಸಿನ ಮೇಲೆ ಗೆರೆ ಎಳೆದುಕೊಡಲು ಪರಿವಾರದಲ್ಲಿ ಕಸಬುದಾರರೂ ಇದ್ದರು. ಹಾಗಾದರೆ ಇದರಲ್ಲಿ ರಾಣಿಯ ಮಾತು ಎಲ್ಲಿದೆ ಎಂದು ಆಕ್ಷೇಪಿಸಬಹುದು. ಅದಕ್ಕೆ ನಮ್ಮ ಸಮಾಧಾನ ಇದು: ಅಚ್ಚಿನ ಮಾತೃಕೆಯಿಂದ ಕಸೂತಿ ಎಲ್ಲಿ ಬೇರೆಯಾಗುತ್ತದೆಯೋ ಅಲ್ಲಿ, ಮತ್ತು ಮಾಡಿದ ವಸ್ತು ಯಾರಿಗೆ ತಲುಪಿತೆಂಬುದು ತಿಳಿದಿದೆಯೋ ಅಲ್ಲಿ, ನಾವು ಅರ್ಥವನ್ನು ಕೇಳಬಹುದು. ಉಳಿದೆಡೆಯಲ್ಲಿ ಚಿತ್ರವನ್ನು ಚಿತ್ರವೆಂದೇ ಬಿಡಬೇಕು. ಅಮೆರಿಕದ ಹಕ್ಕಿಯೆಂದು ಹೆಸರು ಬರೆದ ಉದ್ದ ಕೊಕ್ಕಿನ ಹಕ್ಕಿಯೊಂದು ಮೇರಿಯ ತುಣುಕುಗಳಲ್ಲಿದೆ. ಅದರಲ್ಲಿ ಹೊಸ ಲೋಕದ ಬಗೆಗೆ ಆ ಕಾಲದವರಿಗಿದ್ದ ಕುತೂಹಲವಲ್ಲದೆ ಬೇರೇನನ್ನೂ ಹುಡುಕುವುದು ವ್ಯರ್ಥ.

೫

ಈ ಒರೆಗಲ್ಲಿಗೆ ಮೊದಲು ಒಂದು ಚಿಕ್ಕ ಚಿತ್ರವನ್ನು ತಿಕ್ಕಿ ನೋಡೋಣ. ಎಡಿನ್‌ಬರೋ ನಗರದ ಹಾಲಿರೂಡ್ ಅರಮನೆಯಲ್ಲಿ, ಬ್ರಿಟಿಷ್ ರಾಜಸಂಗ್ರಹಕ್ಕೆ ಸೇರಿದ ತುಣುಕೊಂದಿದೆ. ಕುಳಿತ ಬೆಕ್ಕು, ಅದರ ಬಳಿ ಒಂದು ಇಲಿ. ಮೇಲೆ ಬೆಕ್ಕೆಂದೇ ಹೆಸರು. ಮಾತೃಕೆ ಗೆಸ್ನರನದು. ಗೆಸ್ನರನ ಚಿತ್ರದಲ್ಲಿ ಇಲಿಯಿಲ್ಲ. ಅಚ್ಚಿನ ಕಪ್ಪು ಗೆರೆಯ ಬೆಕ್ಕು ಇಲ್ಲಿ ಕೆಂಗಂದು ಬಣ್ಣದ್ದಾಗಿದೆ. ಎಲಿಜಬೆತ್ ರಾಣಿಯದು ಕೆಂಗೂದಲು. ಆದುದರಿಂದ ಬೆಕ್ಕು ಎಲಿಜಬೆತ್, ಇಲಿ ಮೇರಿ ಎಂದು ವಿದ್ವಾಂಸರು ಊಹಿಸಿದ್ದಾರೆ.

ಬೆಕ್ಕಿನೊಡನೆ ಇಲಿಯನ್ನು ಸೇರಿಸುವುದು ಮಕ್ಕಳಿಗೂ ಹೊಳೆಯುವ ಸಂಗತಿ, ಇದರಲ್ಲಿ ಗೂಢವೇನು ಎಂದು ಕೇಳಬಹುದು. ಆಕ್ಷೇಪ ಸಮಂಜಸವೇ. ಆದರೆ ಮಾತೃಕೆಯಲ್ಲಿಲ್ಲದ ಇಲಿಯನ್ನು ಎಣಿಸಿ ಹಾಕಿದ ಹೊಲಿಗೆ ಬೇಕೆಂದೇ ಹಾಕಿದ್ದು. ಹೇಳುವವಳು ಸೆರೆಯಾಳು, ಹೊರಗೆ ಕಾವಲು. ಹೇಳುವವಳ ವಿಶೇಷದಿಂದಲೇ ಇಲ್ಲಿ ವ್ಯಂಗ್ಯ ಹುಟ್ಟುತ್ತದೆ. ಹಾರ್ಡ್‌ವಿಕ್ಕಿನ ಬೆಸ್ ಇದೇ ಬೆಕ್ಕಿಗೆ ಇದೇ ಇಲಿಯನ್ನು ಜೋಡಿಸಿದ್ದರೆ ಅದು ಬರಿಯ ಬೆಕ್ಕು, ಬರಿಯ ಇಲಿ. ಇಷ್ಟಾದರೂ ಕಾವ್ಯದೃಷ್ಟಿಯಿಂದ ಈ ಚಿತ್ರವನ್ನು ನಾವು ಉತ್ತಮವೆಂದು ಎಣಿಸಲಾರೆವು. ಇದು ತನಗೆ ತಾನೇ ಹೇಳಿಕೊಂಡ ಕಹಿಯಾದ ನಗೆಮಾತು. ಕೀಲಿ ದೊರೆತೊಡನೆ ಮುಗಿದುಹೋಗುತ್ತದೆ.

ಹಾಲಿರೂಡಿನ ಇನ್ನೊಂದು ತುಣುಕಿನಲ್ಲಿರುವ ಫೀನಿಕ್ಸ್ ಪಕ್ಷಿ ಇದಕ್ಕಿಂತ ಆಳವಾದದ್ದು. ಉರಿಯಲ್ಲಿ ಬೆಂದು ಬೂದಿಯಿಂದ ಮರಳಿ ಹುಟ್ಟುವ ಈ ಪಕ್ಷಿ ಆಕೆಯ ತಾಯಿ ಗೀಜ್ ಮನೆತನದ ಮೇರಿಯ ಲಾಂಛನವಾಗಿತ್ತು. ವೈಟ್ ಒಗಟೆಂದು ಕರೆದ ವಾಕ್ಯ ಇದಕ್ಕೆ ಸೇರಿದ್ದೇ. ಮಗಳಿಗಾಗಿ ಸ್ಕಾಟ್ಲೆಂಡನ್ನು ಕಾಯ್ದುಕೊಂಡು ೧೫೬೦ರಲ್ಲಿ ಅಲ್ಲಿಯೇ ಮಡಿದ ತಾಯಿಯ ಗುರುತನ್ನು ಮಗಳು ಮತ್ತೆ ಸೂಜಿಯಲ್ಲಿ ಹಿಡಿದಳು. ಇಲ್ಲಿ ಶತ್ರುವಿಲ್ಲ, ಒಗಟೂ ಇಲ್ಲ; ವಂಶದ ನೆನಪೂ ಪರಲೋಕದ ಆಶೆಯೂ ಕಿರೀಟದ ಆಶೆಯೂ ಒಂದೇ ಹಕ್ಕಿಯಲ್ಲಿ ಕೂಡಿವೆ.

೬

ಮೇರಿಯ ತೂಗುಬಟ್ಟೆಯ ನಡುವಿನ ಚೌಕಕ್ಕೆ ಈಗ ಬರುತ್ತೇವೆ. ಮೋಡದೊಳಗಿಂದ ಒಂದು ಕೈ ಇಳಿದಿದೆ, ಅದರಲ್ಲಿ ಕುಡುಗೋಲು. ಕೆಳಗೆ ದ್ರಾಕ್ಷಿಯ ಬಳ್ಳಿ. ಕುಡುಗೋಲು ಫಲವಿಲ್ಲದ ಕೊಂಬೆಯನ್ನು ಕೊಯ್ಯುತ್ತಿದೆ. 'ವಿರೆಸ್ಕಿತ್ ವುಲ್ನೆರೆ ವಿರ್ತೂಸ್' ಎಂಬ ಲ್ಯಾಟಿನ್ ವಾಕ್ಯ ಅಲ್ಲಿದೆ; ಗಾಯದಿಂದ ಸತ್ತ್ವವು ಹಸಿರಾಗಿ ಚಿಗುರುತ್ತದೆ ಎಂದು ಅದರ ತಾತ್ಪರ್ಯ. ವಾಕ್ಯ ಆಕೆಯದಲ್ಲ, ಔಲಸ್ ಗೆಲ್ಲಿಯಸ್ಸನು ಉಳಿಸಿಕೊಟ್ಟ ಹಳೆಯ ರೋಮನ್ ಕವಿಯೊಬ್ಬನ ಚೂರು. ಸ್ಕಾಟ್ಲೆಂಡಿನ ರಾಜಲಾಂಛನವೂ ಮೇರಿಯ ಅಕ್ಷರಮುದ್ರೆಯೂ ಜೊತೆಗಿವೆ.

ಇದನ್ನು ಅಂದಿನ ಕ್ರೈಸ್ತ ಓದುಗನು ಹೇಗೆ ಓದುತ್ತಿದ್ದನು? ಯೋಹಾನನ ಸುವಾರ್ತೆಯ ಹದಿನೈದನೆಯ ಅಧ್ಯಾಯ ಒಡನೆ ನೆನಪಿಗೆ ಬರುತ್ತಿತ್ತು. ಅಲ್ಲಿ ತಂದೆಯಾದ ದೇವರು ತೋಟಗಾರ. ಫಲವಿಲ್ಲದ ಕೊಂಬೆಯನ್ನು ತೆಗೆದುಹಾಕಿ, ಫಲವುಳ್ಳದ್ದನ್ನು ಇನ್ನೂ ಹೆಚ್ಚು ಫಲಿಸಲೆಂದು ಸವರುತ್ತಾನೆ. ಈ ಓದಿನಂತೆ ಕಸೂತಿಯ ಮಾತು ತಾಳ್ಮೆಯದು: ನನ್ನನ್ನು ಕೊಯ್ಯುವ ಕೈ ದೇವರದು, ಈ ದುಃಖದಿಂದ ನಾನು ಮೇಲಾಗುತ್ತೇನೆ. ಸೆರೆಯಲ್ಲಿರುವ ಭಕ್ತೆಗೆ ಇದಕ್ಕಿಂತ ತಕ್ಕ ವಾಕ್ಯ ಬೇರಿಲ್ಲ. ಕಾವಲಿನವನೂ ಇದನ್ನು ನೋಡಿ ತಲೆದೂಗಬೇಕು.

ಆದರೆ ಇದೇ ಚಿತ್ರವುಳ್ಳ ದಿಂಬೊಂದನ್ನು ಮೇರಿ ನಾರ್ಫೋಕಿನ ಡ್ಯೂಕ್ ಥಾಮಸ್ ಹೋವರ್ಡನಿಗೆ ಕಳುಹಿಸಿದಳು. ಇಂಗ್ಲೆಂಡಿನ ಸಾಮಂತರಲ್ಲಿ ಅವನು ಅಗ್ರಗಣ್ಯ. ಮೇರಿಯನ್ನು ಮದುವೆಯಾಗುವ ಗುಟ್ಟಿನ ಮಾತುಕತೆಯಲ್ಲಿದ್ದವನು. ಕೇಳುವವನು ಬದಲಾದೊಡನೆ ಅರ್ಥವೂ ಬದಲಾಯಿತು. ಎಲಿಜಬೆತ್ ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಮೇರಿಗೆ ೧೫೬೬ರಲ್ಲಿ ಹುಟ್ಟಿದ ಮಗನಿದ್ದನು. ಇಬ್ಬರೂ ಏಳನೆಯ ಹೆನ್ರಿಯ ವಂಶದವರು: ಎಲಿಜಬೆತ್ ಮೊಮ್ಮಗಳು, ಮೇರಿ ಮರಿಮಗಳು. ಒಂದೇ ಬಳ್ಳಿಯ ಎರಡು ಕೊಂಬೆಗಳು. ಒಂದು ಬಂಜೆ, ಒಂದು ಫಲವಂತ. ಕುಡುಗೋಲು ಯಾವುದರ ಮೇಲೆ ಇಳಿಯಬೇಕೆಂಬುದನ್ನು ಡ್ಯೂಕನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪಿತೂರಿ ಬಯಲಾಗಿ ೧೫೭೨ರ ಜನವರಿಯಲ್ಲಿ ಡ್ಯೂಕನ ವಿಚಾರಣೆ ನಡೆದಾಗ ಈ ದಿಂಬಿನ ವಿಷಯವೂ ಸಾಕ್ಷ್ಯದಲ್ಲಿ ಬಂದಿತು. ಮೇರಿಯ ಪ್ರತಿನಿಧಿಯಾಗಿದ್ದ ರಾಸ್ ಪ್ರಾಂತದ ಬಿಷಪ್ ಜಾನ್ ಲೆಸ್ಲಿ ಸೆರೆಯಲ್ಲಿ ಕೊಟ್ಟ ಹೇಳಿಕೆಯಲ್ಲಿ ಅದರ ವರ್ಣನೆಯಿತ್ತು. ಡ್ಯೂಕನಿಗೆ ಮರಣದಂಡನೆಯಾಯಿತು, ಜೂನ್ ೨ರಂದು ತಲೆ ಉರುಳಿತು. ದಿಂಬೊಂದೇ ಅವನ ಸಾವಿಗೆ ಕಾರಣವೆಂದು ಯಾರೂ ಹೇಳಲಾರರು. ಹಣ, ಪತ್ರ, ದೂತರು ಎಲ್ಲವೂ ಅವನ ವಿರುದ್ಧವಾಗಿದ್ದುವು. ಆದರೂ ಈ ಕಸೂತಿಯ ಮೊಟ್ಟಮೊದಲ ವಿಮರ್ಶಕರು ರಾಜ್ಯದ ವಕೀಲರೆಂಬುದು ಮರೆಯಬಾರದ ಸಂಗತಿ.

ಅವರ ಓದು ತಪ್ಪೆ? ತಪ್ಪಲ್ಲ; ಅರ್ಧ. ಅವರು ಒಂದು ಅರ್ಥವನ್ನು ಮಾತ್ರ ಹಿಡಿದರು. ಮುಂದೆ ಬಂದ ಭಾವುಕರಾದ ಚರಿತ್ರಕಾರರು ಇನ್ನೊಂದನ್ನು ಮಾತ್ರ ಹಿಡಿದು, ಗಾಯದಿಂದ ಚಿಗುರುವ ಸಾಧ್ವಿಯನ್ನು ಕಂಡರು. ಅವರದೂ ಅರ್ಧವೇ. ವ್ಯಂಗ್ಯಕ್ಕಿಂತ ವಾಚ್ಯವೇ ಮೇಲಾಗಿಯೋ ಅದಕ್ಕೆ ಸಮನಾಗಿಯೋ ನಿಂತರೆ ಅದು ಉತ್ತಮಕಾವ್ಯವಲ್ಲವೆಂದು ಮಮ್ಮಟನ ಮತ. ಈ ಚೌಕದಲ್ಲಿ ತಾಳ್ಮೆಯ ಅರ್ಥ ರೂಢಿಯ ಬಲದಿಂದ ವಾಚ್ಯದಷ್ಟೇ ಸುಲಭವಾಗಿದೆ. ರಾಜಕೀಯದ ಅರ್ಥ ಅದರ ಹಿಂದಿದೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಆಸ್ಥಾನದ ಕವಿಗೆ ಇದು ದೋಷವಾಗಬಹುದು, ಸೆರೆಯಾಳಿಗೆ ಇದೇ ರಕ್ಷೆ. ಕೇಳಿದರೆ ಸುವಾರ್ತೆಯನ್ನು ತೋರಿಸಬಹುದು. ಅದು ಸುಳ್ಳೂ ಅಲ್ಲ. ಆದುದರಿಂದ ಶಾಸ್ತ್ರದ ತಕ್ಕಡಿಯನ್ನು ಇಲ್ಲಿ ಇದ್ದಂತೆಯೇ ಬಳಸಲಾಗದೆಂದು ನಾವು ಒಪ್ಪಬೇಕಾಗುತ್ತದೆ. ಸ್ವತಂತ್ರರ ಮಾತಿಗೆ ಮಾಡಿದ ತೂಕ ಬಂಧನದ ಮಾತಿಗೆ ಸರಿಹೋಗುವುದಿಲ್ಲ.

೭

ಈ ನುಡಿಯನ್ನು ಮೇರಿ ಬಳಸುತ್ತಿದ್ದ ಇನ್ನೊಂದು ನುಡಿಯೊಡನೆ ಹೋಲಿಸಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಆಕೆ ಗುಪ್ತಲಿಪಿಯಲ್ಲಿ ಪತ್ರಗಳನ್ನು ಬರೆಯಿಸುತ್ತಿದ್ದುದು ಎಂದಿನಿಂದಲೂ ತಿಳಿದದ್ದೇ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಯಾರದೆಂದು ತಿಳಿಯದೆ ಬಿದ್ದಿದ್ದ ೫೭ ಗುಪ್ತಲಿಪಿಯ ಪತ್ರಗಳು ಮೇರಿಯವೆಂದು ಜಾರ್ಜ್ ಲಾಸ್ರಿ, ನಾರ್ಬರ್ಟ್ ಬೀರ್‌ಮನ್, ಸತೋಷಿ ತೊಮೊಕಿಯೊ ಎಂಬ ಮೂವರು ಸಂಶೋಧಕರು ೨೦೨೩ರಲ್ಲಿ ಪ್ರಕಟಪಡಿಸಿದರು. ಅವು ೧೫೭೮ರಿಂದ ೧೫೮೪ರ ವರೆಗಿನವು. ಬಹುಪಾಲು ಲಂಡನ್ನಿನಲ್ಲಿದ್ದ ಫ್ರೆಂಚ್ ರಾಯಭಾರಿ ಕಾಸ್ಟೆಲ್ನೋವಿಗೆ ಬರೆದವು. ಅಂದರೆ ಕಸೂತಿ ಹಾಕುತ್ತಿದ್ದ ಆ ವರ್ಷಗಳಲ್ಲಿಯೇ ಆಕೆ ಇನ್ನೊಂದು ಕಡೆಯಲ್ಲಿ ಚಿಹ್ನೆಗಳ ಮರೆಯಲ್ಲಿ ರಾಜಕಾರಣವನ್ನು ನಡೆಸುತ್ತಿದ್ದಳು.

ಗುಪ್ತಲಿಪಿ ಮುಚ್ಚಿದ ಪೆಟ್ಟಿಗೆ. ಕೀಲಿಯಿಲ್ಲದವನಿಗೆ ಅದರಲ್ಲಿ ಏನೂ ಇಲ್ಲ. ಕೀಲಿ ಶತ್ರುವಿಗೆ ದೊರೆತರೆ ಎಲ್ಲವೂ ಹೋಯಿತು. ೧೫೮೬ರಲ್ಲಿ ಆದದ್ದು ಇದೇ. ಚಾರ್ಟ್‌ಲಿಯ ಮನೆಗೆ ಬರುತ್ತಿದ್ದ ಬಿಯರ್ ಪೀಪಾಯಿಗಳಲ್ಲಿ ಅಡಗಿಸಿದ್ದ ಪತ್ರಗಳನ್ನು ಮಂತ್ರಿ ವಾಲ್ಸಿಂಗ್‌ಹ್ಯಾಮನ ಜನ ತೆಗೆದು, ಬಿಡಿಸಿ, ಓದಿ, ಮತ್ತೆ ಮುಚ್ಚಿ ಕಳುಹಿಸುತ್ತಿದ್ದರು. ಬಾಬಿಂಗ್‌ಟನ್ನನ ಪಿತೂರಿಗೆ ಆಕೆ ಕೊಟ್ಟ ಉತ್ತರ ಆಕೆಯ ಕೊರಳಿಗೇ ಬಂದಿತು. ಕಸೂತಿಯಾದರೋ ಬಯಲಿನಲ್ಲಿಟ್ಟ ಮಾತು. ಷ್ರೂಸ್‌ಬರಿಯ ಅರ್ಲನು ೧೫೬೯ರ ಮಾರ್ಚಿಯಲ್ಲಿಯೇ, ರಾಣಿ ದಿನವೂ ತನ್ನ ಹೆಂಡತಿಯ ಕೋಣೆಯಲ್ಲಿ ಕುಳಿತು ಸೂಜಿಯ ಕೆಲಸ ಮಾಡುವುದರಲ್ಲಿಯೂ ಹೊಸ ಹೊಸ ಮಾದರಿಗಳನ್ನು ಕಲ್ಪಿಸುವುದರಲ್ಲಿಯೂ ಸಂತೋಷಪಡುತ್ತಾಳೆಂದು ವರದಿ ಮಾಡಿದ್ದನು. ಕಾವಲಿನವರ ಕಣ್ಣೆದುರಿಗೇ, ಅವರ ಮನೆಯೊಡತಿಯ ಪಕ್ಕದಲ್ಲಿಯೇ ಈ ಮಾತು ಬೆಳೆಯಿತು.

ಬಟ್ಟೆ ಶತ್ರುವಿಗೇ ನೇರವಾಗಿ ಹೋದ ಸಂದರ್ಭವೂ ಒಂದುಂಟು. ೧೫೭೪ರಲ್ಲಿ ಮೇರಿ ಅಂದಿನ ಫ್ರೆಂಚ್ ರಾಯಭಾರಿ ಲಾ ಮೋತ್ ಫೆನೆಲೋನನ ಮೂಲಕ ಕೆಂಪು ಸ್ಯಾಟಿನ್ನನ್ನೂ ಬೆಳ್ಳಿಯ ದಾರವನ್ನೂ ತರಿಸಿಕೊಂಡು, ತಾನೇ ಕಸೂತಿ ಹಾಕಿದ ಲಂಗವೊಂದನ್ನು ಅವನ ಕೈಯಲ್ಲಿಯೇ ಎಲಿಜಬೆತ್ತಳಿಗೆ ಕಾಣಿಕೆಯಾಗಿ ಒಪ್ಪಿಸಿದಳು. ಎಲಿಜಬೆತ್ ಮೆಚ್ಚಿ ಸ್ವೀಕರಿಸಿದಳು. ಡ್ಯೂಕನ ತಲೆ ಹೋಗಿ ಎರಡು ವರ್ಷವಾಗಿತ್ತು. ಷಿಲ್ಲರನು ತನ್ನ ನಾಟಕದಲ್ಲಿ ಇಬ್ಬರು ರಾಣಿಯರನ್ನೂ ಮುಖಾಮುಖಿಯಾಗಿ ನಿಲ್ಲಿಸಿದ್ದಾನೆ. ಚರಿತ್ರೆಯಲ್ಲಿ ಅವರು ಒಮ್ಮೆಯೂ ಸಂಧಿಸಲಿಲ್ಲ. ಒಬ್ಬಳ ಬೆರಳ ಕೆಲಸ ಇನ್ನೊಬ್ಬಳ ಕೈಸೇರಿದ್ದು ಈ ಲಂಗದಲ್ಲಿ. ಇದನ್ನು ಕಪಟವೆನ್ನುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ರಾಣಿ ರಾಣಿಗೆ ಕಾಣಿಕೆ ಕಳುಹಿಸುವುದು ಸಮಾನರ ನಡುವಣ ಪದ್ಧತಿ. ಕಾಣಿಕೆಯನ್ನು ಸ್ವೀಕರಿಸಿದವಳು ಆ ಸಮಾನತೆಯನ್ನು ಅಷ್ಟರಮಟ್ಟಿಗೆ ಒಪ್ಪಿದಂತೆಯೇ.

೮

ಈ ಓದಿನಿಂದ ಮೇರಿಯ ಜೀವನದ ಬಗೆಗೆ ತಿಳಿದುಬರುವುದೇನು? ಸಾಧ್ವಿ, ಪಿತೂರಿಗಾರ್ತಿ ಎಂಬ ಎರಡು ಚಿತ್ರಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂಬ ಹಟ ನಿಷ್ಪ್ರಯೋಜಕವೆಂಬುದು ಮೊದಲನೆಯದು. ಒಂದೇ ಕುಡುಗೋಲು ಭಕ್ತೆಯನ್ನು ಸವರುತ್ತದೆ, ಪ್ರತಿಸ್ಪರ್ಧಿಯನ್ನು ಕೊಯ್ಯುತ್ತದೆ. ಆಕೆಯ ಮನಸ್ಸಿನಲ್ಲಿ ಇವು ಎರಡಾಗಿರಲಿಲ್ಲ. ಆರು ದಿನದ ಶಿಶುವಾಗಿದ್ದಾಗಲೇ ಕಿರೀಟವನ್ನು ಪಡೆದವಳಿಗೆ ರಾಣಿತನವು ದೇವರಿತ್ತ ದೇಹದಷ್ಟೇ ಸಹಜ. ಸಹಿ ಹಾಕಿ ಅದನ್ನು ಕಳೆದುಕೊಳ್ಳಬಹುದೆಂಬ ಮಾತು ಆಕೆಗೆ ಕೊನೆಯ ವರೆಗೂ ಅರ್ಥವಾಗಲಿಲ್ಲ. ತಾಳ್ಮೆ ಎಂದರೂ ಹಕ್ಕು ಎಂದರೂ ಅಲ್ಲಿ ಒಂದೇ.

ಎರಡನೆಯದಾಗಿ, ಈ ಕೆಲಸವನ್ನು ಹೆಂಗಸಿನ ಹೊತ್ತುಗಳೆತವೆಂದು ಬಗೆದವರಲ್ಲಿ ಚರಿತ್ರಕಾರರಿದ್ದರೂ ಆಕೆಯ ಶತ್ರುಗಳು ಇರಲಿಲ್ಲವೆಂಬುದನ್ನು ಗಮನಿಸಬೇಕು. ವೈಟ್ ಮೇಲ್ಕಟ್ಟಿನ ವಾಕ್ಯವನ್ನು ಗುರುತು ಹಾಕಿಕೊಂಡನು. ವಕೀಲರು ದಿಂಬಿನ ಸಂಗತಿಯನ್ನು ವಿಚಾರಣೆಗೆ ತಂದರು. ಆಕೆಯ ಮೊಮ್ಮಗನ ಕಾಲಕ್ಕೂ ಸ್ವಲ್ಪ ಮುಂಚೆ, ೧೬೧೯ರಲ್ಲಿ, ಕವಿ ವಿಲಿಯಂ ಡ್ರಮಂಡನು ಗೆಳೆಯ ಬೆನ್ ಜಾನ್ಸನ್ನನಿಗೆ ಬರೆದ ಪತ್ರದಲ್ಲಿ ಮೇರಿ ಕಸೂತಿ ಹಾಕಿದ ರಾಜಮಂಚವೊಂದರ ಲಾಂಛನಗಳನ್ನು ಒಂದೊಂದಾಗಿ ವಿವರಿಸಿ, ಅದೃಷ್ಟಚಕ್ರದ ಮೇಲಿನ ಇಬ್ಬರು ಸ್ತ್ರೀಯರನ್ನು ಎಲಿಜಬೆತ್ ಮತ್ತು ಮೇರಿ ಎಂದು ಗುರುತಿಸಿದನು. ಆ ಮಂಚ ಇಂದು ಉಳಿದಿಲ್ಲ. ಡ್ರಮಂಡನ ಓದು ಮಾತ್ರ ಉಳಿದಿದೆ. ಅಂದಿನವರು ಬಟ್ಟೆಯನ್ನು ಓದಬಲ್ಲವರಾಗಿದ್ದರು. ಆ ವಿದ್ಯೆಯನ್ನು ಕಳೆದುಕೊಂಡವರು ನಾವು.

ಮೂರನೆಯದು ಅಷ್ಟು ಹಿತವಾದ ಮಾತಲ್ಲ. ನುಡಿಗೆ ಫಲವುಂಟು, ಆ ಫಲವನ್ನು ಉಂಡವರು ಬೇರೆಯವರು. ದಿಂಬನ್ನು ಕಳುಹಿಸಿದವಳು ಮತ್ತೆ ಹದಿನೈದು ವರ್ಷ ಬದುಕಿದಳು, ಪಡೆದವನು ಬದುಕಲಿಲ್ಲ. ಕಸೂತಿಯ ಸೊಬಗನ್ನು ಹೊಗಳುವ ವಿಮರ್ಶೆ ಇದನ್ನು ಮರೆತರೆ ಅದು ವಿಮರ್ಶೆಯಾಗುವುದಿಲ್ಲ.

೧೫೮೬ರಲ್ಲಿ ಚಾರ್ಟ್‌ಲಿಯಲ್ಲಿ ಮಾಡಿದ ಆಕೆಯ ಸ್ವತ್ತಿನ ಪಟ್ಟಿಯಲ್ಲಿ ಹೂವು, ಹಕ್ಕಿ, ಮೃಗ, ಮೀನುಗಳ ಕಸೂತಿಯ ತುಣುಕುಗಳು, ಇನ್ನೂ ಜೋಡಿಸದೆ ಉಳಿದವು, ಸೇರಿವೆ. ಅಕ್ಟೋಬರಿನಲ್ಲಿ ಫಾದರಿಂಗೇ ಕೋಟೆಯಲ್ಲಿ ವಿಚಾರಣೆ ನಡೆಯಿತು. ತೀರ್ಪಾದ ಮೇಲೆ ಕಾವಲಿನ ಅಧಿಕಾರಿ ಏಮಿಯಾಸ್ ಪಾಲೆಟ್ಟನು ಆಕೆಯ ಕೋಣೆಗೆ ಬಂದು ಮೇಲ್ಕಟ್ಟನ್ನು ಕೆಳಗಿಳಿಸಿದನು: ಕಾನೂನಿನ ದೃಷ್ಟಿಯಲ್ಲಿ ಸತ್ತವಳಿಗೆ ರಾಜಮರ್ಯಾದೆ ಸಲ್ಲದು. ಆಕೆ ಆ ಜಾಗದಲ್ಲಿ ಶಿಲುಬೆಯೊಂದನ್ನು ತೂಗುಹಾಕಿಸಿದಳು. ೧೫೮೭ರ ಫೆಬ್ರುವರಿ ೮ರಂದು ಶಿರಚ್ಛೇದವಾಯಿತು. ಬಟ್ಟೆಯೊಂದನ್ನು ಇಳಿಸದೆ ರಾಣಿತನವನ್ನು ಇಳಿಸಿದಂತಾಗುವುದಿಲ್ಲವೆಂಬುದನ್ನು ಪಾಲೆಟ್ ಅರಿತಿದ್ದನು. ಅವನಿಗೆ ತಿಳಿದಿದ್ದಷ್ಟನ್ನಾದರೂ ನಾವು ಆ ಬಟ್ಟೆ ದಾರಗಳ ವಿಷಯದಲ್ಲಿ ತಿಳಿದುಕೊಂಡರೆ, ಮೇರಿ ಸ್ಟುವರ್ಟಳ ಸೆರೆವಾಸದ ಚರಿತ್ರೆಯನ್ನು ಆಕೆಯ ಪತ್ರಗಳಿಂದ ಮಾತ್ರವಲ್ಲದೆ ಆಕೆಯ ಹೊಲಿಗೆಗಳಿಂದಲೂ ಓದುವ ಅಧಿಕಾರ ನಮಗೆ ಬರುತ್ತದೆ.